ಮೊದಲು ಗ್ರೈಂಡರ್, ಆಮೇಲೆ ಮೆಷಿನ್: ಮನೆ ಎಸ್ಪ್ರೆಸೊ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮಂಗಳೂರಿನ ಕದ್ರಿಯಲ್ಲಿ ಇಬ್ಬರೇ ಇರುವ ಮನೆ ನಮ್ಮದು. ಬೆಳಿಗ್ಗೆ ಎರಡು, ಸಂಜೆ ಎರಡು ಲೋಟ ಕಾಫಿ, ಹಾಲು ಹಾಕಿಯೇ ಕುಡಿಯುವುದು. ಒಂದು ಎಸ್ಪ್ರೆಸೊ ಮೆಷಿನ್ ತರಬೇಕೆಂದಿದ್ದೇವೆ, ಆದರೆ ಎಲ್ಲ ಸೇರಿ 30 ಸಾವಿರ ದಾಟುವಂತಿಲ್ಲ. ಒಂದು ಅಂಗಡಿಯಲ್ಲಿ 15 ಬಾರ್ ಒತ್ತಡ ಸಾಕು ಅನ್ನುತ್ತಾರೆ, ಇನ್ನೊಂದರಲ್ಲಿ 20 ಬಾರ್ ಒಳ್ಳೆಯದು ಅನ್ನುತ್ತಾರೆ. ಗ್ರೈಂಡರ್ ಬೇರೆ ಬೇಕೇ? ಮಿಕ್ಸಿಯಲ್ಲಿ ಪುಡಿ ಮಾಡಿದರೆ ಆಗದೇ?

ಉತ್ತರ: ಮಿಕ್ಸಿ ಆಗದು. ಮಿಕ್ಸಿಯ ಬ್ಲೇಡ್ ಬೀಜವನ್ನು ಅರೆಯುವುದಿಲ್ಲ, ಹೊಡೆದು ಚೂರು ಮಾಡುತ್ತದೆ. ಒಂದೇ ಜಾರಿನಲ್ಲಿ ಮೈದಾದಷ್ಟು ನುಣುಪಾದ ಧೂಳೂ ಇರುತ್ತದೆ, ಇಡ್ಲಿ ರವೆಯಷ್ಟು ದಪ್ಪ ತರಿಯೂ ಇರುತ್ತದೆ. ಎಸ್ಪ್ರೆಸೊ ಅಂದರೆ ಬಿಸಿನೀರನ್ನು ಒತ್ತಡದಲ್ಲಿ ಪುಡಿಯ ಮೂಲಕ ತಳ್ಳಿ ಇಳಿಸುವ ಗಟ್ಟಿ ಕಾಫಿ. ಆ ನೀರು ದಪ್ಪ ತರಿ ಇದ್ದಲ್ಲಿ ದಾರಿ ಮಾಡಿಕೊಂಡು ಓಡುತ್ತದೆ. ಉಳಿದ ಪುಡಿ ನೆನೆದು ಕೂತಿರುತ್ತದೆ, ಅಷ್ಟೇ. ಲೋಟದಲ್ಲಿ ಹುಳಿಯೂ ಕಹಿಯೂ ಒಟ್ಟಿಗೆ ಬರುವುದಕ್ಕೆ ಇದೇ ಕಾರಣ.

ಹಾಗಾಗಿ 30 ಸಾವಿರದಲ್ಲಿ ಮೊದಲು 10ರಿಂದ 12 ಸಾವಿರವನ್ನು ಗ್ರೈಂಡರ್‌ಗೆಂದು ಎತ್ತಿಡಿ. ಮೆಷಿನ್‌ಗೆ 15 ಸಾವಿರದ ಆಸುಪಾಸು. ಉಳಿದದ್ದರಲ್ಲಿ 0.1 ಗ್ರಾಂ ತೋರಿಸುವ ತಕ್ಕಡಿ, ಹಾಲಿನ ಸ್ಟೀಲ್ ಜಗ್, ಪುಡಿಯನ್ನು ಒತ್ತಿ ಕೂರಿಸುವ ಸರಿಯಾದ ಅಳತೆಯ ಟ್ಯಾಂಪರ್. ಹೆಚ್ಚಿನವರು ಮಾಡುವುದು ಉಲ್ಟಾ: 27 ಸಾವಿರದ ಮೆಷಿನ್, ಮೂರು ಸಾವಿರದ ಗ್ರೈಂಡರ್. ಆರು ತಿಂಗಳಲ್ಲಿ ಮೆಷಿನ್ ಮೇಲೆ ಬಟ್ಟೆ ಮುಚ್ಚಿರುತ್ತದೆ.

ಈ ಬೆಲೆಯಲ್ಲಿ ವಿದ್ಯುತ್ ಗ್ರೈಂಡರ್ ಬೇಡ, ಕೈಯಲ್ಲಿ ತಿರುಗಿಸುವುದೇ ಲೇಸು. ವಿದ್ಯುತ್ ಗ್ರೈಂಡರ್‌ನಲ್ಲಿ ದುಡ್ಡು ಮೋಟಾರಿಗೆ ಹೋಗುತ್ತದೆ, ಕೈ ಗ್ರೈಂಡರ್‌ನಲ್ಲಿ ಬರ್‌ಗೆ, ಅಂದರೆ ಬೀಜ ಅರೆಯುವ ಹಲ್ಲುಚಕ್ರಕ್ಕೆ. ಕೊಳ್ಳುವಾಗ ಕೇಳಬೇಕಾದದ್ದು ಒಂದೇ: ನುಣುಪು-ತರಿ ಹೊಂದಿಸುವ ಬಳೆಯನ್ನು ಒಂದು ಕ್ಲಿಕ್ ತಿರುಗಿಸಿದರೆ ಬರ್ ಎಷ್ಟು ಸರಿಯುತ್ತದೆ? ಟೈಮ್‌ಮೋರ್ ಸಿ2 ತರಹದ್ದರಲ್ಲಿ ಒಂದು ಕ್ಲಿಕ್‌ಗೆ ಸುಮಾರು 80 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಫಿಲ್ಟರ್ ಕಾಫಿಗೆ, ಫ್ರೆಂಚ್ ಪ್ರೆಸ್‌ಗೆ ಅದು ಚೆನ್ನ. ಎಸ್ಪ್ರೆಸೊಗೆ ಆ ಹೆಜ್ಜೆ ತೀರಾ ದೊಡ್ಡದು: ಒಂದು ಕ್ಲಿಕ್‌ನಲ್ಲಿ ಕಾಫಿ ನೀರಿನ ಹಾಗೆ ಸುರಿಯುತ್ತದೆ, ಅದರ ಹಿಂದಿನ ಕ್ಲಿಕ್‌ನಲ್ಲಿ ತೊಟ್ಟೂ ಇಳಿಯುವುದಿಲ್ಲ. ಕಿನ್‌ಗ್ರೈಂಡರ್ ಕೆ6ನಲ್ಲಿ ಒಂದು ಕ್ಲಿಕ್‌ಗೆ 16 ಮೈಕ್ರಾನ್. 25 ಮೈಕ್ರಾನ್ ಒಳಗಿನ ಯಾವುದಾದರೂ ನಡೆಯುತ್ತದೆ. 15 ಗ್ರಾಂ ಬೀಜ ಅರೆಯಲು ಒಂದು, ಒಂದೂವರೆ ನಿಮಿಷ. ಕಡೆಯುವ ಕಲ್ಲಿನಲ್ಲಿ ಮಸಾಲೆ ಅರೆದ ಕೈಗಳಿಗೆ ಇದೇನೂ ಲೆಕ್ಕವಲ್ಲ.

ಇನ್ನು ಬಾರ್ ವಿಷಯ. ಎಸ್ಪ್ರೆಸೊಗೆ ಬೇಕಾದ ಒತ್ತಡ ಪುಡಿಯ ಮೇಲೆ 9 ಬಾರ್ ಆಸುಪಾಸು. ಪೆಟ್ಟಿಗೆ ಮೇಲಿನ 15, 20 ಎಲ್ಲ ಪಂಪ್ ಗರಿಷ್ಠ ಎಷ್ಟು ತಳ್ಳಬಲ್ಲದು ಎಂಬ ಲೆಕ್ಕ. ರುಚಿಗೂ ಅದಕ್ಕೂ ಸಂಬಂಧವಿಲ್ಲ. 20 ಬಾರ್ ಎಂದು ಹೆಚ್ಚು ದುಡ್ಡು ಕೊಡಬೇಡಿ. ಆದರೆ ಪಂಪ್ ಇದೆಯೋ ಇಲ್ಲವೋ ನೋಡಿ. ನಾಲ್ಕೈದು ಸಾವಿರಕ್ಕೆ ‘ಎಸ್ಪ್ರೆಸೊ ಮೇಕರ್’ ಎಂದು ಸಿಗುವ ಕೆಲವಕ್ಕೆ ಪಂಪೇ ಇಲ್ಲ. ನೆತ್ತಿಯ ಮೇಲೆ ತಿರುಗಿಸಿ ಬಿಗಿಯುವ ಮುಚ್ಚಳ, ಅದರೊಳಗೆ ಅಳೆದು ನೀರು ಹಾಕುವ ವ್ಯವಸ್ಥೆ ಇದ್ದರೆ ಅದು ಹಬೆಯಿಂದ ತಳ್ಳುವ ಯಂತ್ರ. ಒತ್ತಡ ಅರ್ಧಕ್ಕಿಂತ ಕಡಿಮೆ, ನೀರು ಮಾತ್ರ ಕುದಿಬಿಸಿ. ಕಾಫಿ ಸುಟ್ಟ ವಾಸನೆ ಹೊಡೆಯುತ್ತದೆ. ಹಿಂಬದಿಯಲ್ಲಿ ಎಳೆದು ತೆಗೆಯುವ ನೀರಿನ ಟ್ಯಾಂಕ್ ಇದ್ದು, ಸ್ವಿಚ್ ಒತ್ತಿದಾಗ ಗುರ್ರೆಂದು ಸದ್ದು ಬಂದರೆ ಪಂಪ್ ಉಂಟು ಎಂದರ್ಥ.

ಆಮೇಲೆ ಬಾಸ್ಕೆಟ್, ಅಂದರೆ ಪುಡಿ ತುಂಬುವ ತೂತಿನ ಬಟ್ಟಲನ್ನು ತಿರುಗಿಸಿ ತಳ ನೋಡಿ. ತಳದಲ್ಲಿ ಒಂದೇ ಒಂದು ಸೂಜಿತೂತು ಇದ್ದರೆ ಅದು ಎರಡು ಗೋಡೆಯದ್ದು. ಪುಡಿ ಹೇಗಿದ್ದರೂ ಆ ತೂತೇ ಒತ್ತಡ ಹುಟ್ಟಿಸಿ ಮೇಲೆ ನೊರೆ ಎಬ್ಬಿಸುತ್ತದೆ. ನೊರೆ ಇರುತ್ತದೆ, ಒಳಗೆ ಸಾರವಿರುವುದಿಲ್ಲ. ತಳದ ತುಂಬ ಸಣ್ಣ ತೂತುಗಳಿದ್ದರೆ ಒಂದೇ ಗೋಡೆಯ ಬಾಸ್ಕೆಟ್. ಒಳ್ಳೆಯ ಗ್ರೈಂಡರ್‌ನ ಬೆಲೆ ಗೊತ್ತಾಗುವುದು ಇದರಲ್ಲಿ. ಡಿಲಾಂಗಿ ಡೆಡಿಕಾದ ಹಾಗೆ 51 ಮಿ.ಮೀ. ಅಗಲದ ಬಾಸ್ಕೆಟ್ ಕೂರುವ ಮೆಷಿನ್ ತೆಗೆದುಕೊಂಡರೆ ಒಂದೇ ಗೋಡೆಯ ಬಾಸ್ಕೆಟ್ ಬೇರೆಯಾಗಿ ಕೊಳ್ಳಲು ಸಿಗುತ್ತದೆ. ಅಂಥದ್ದು ಹೊಂದುವುದಿಲ್ಲವಾದರೆ ಆ ಮೆಷಿನ್ ಬೇಡ. ಗಾಜಿಯಾ ಕ್ಲಾಸಿಕ್‌ನಂಥ 58 ಮಿ.ಮೀ. ಮೆಷಿನ್‌ಗಳು ಬಾಳಿಕೆಯಲ್ಲೂ ಬಿಡಿಭಾಗಗಳಲ್ಲೂ ಮೇಲು, ಆದರೆ ಅವು ನಿಮ್ಮ ಲೆಕ್ಕದಲ್ಲಿ ಬರುವುದಿಲ್ಲ. ಕೊನೆಗೊಂದು ಮಾತು ಅಂಗಡಿಯವರನ್ನೇ ಕೇಳಿ: ರಬ್ಬರ್ ಗ್ಯಾಸ್ಕೆಟ್ ಹೋದರೆ ಮಂಗಳೂರಲ್ಲೇ ಸಿಗುತ್ತದೋ, ಬೆಂಗಳೂರಿಗೆ ಪಾರ್ಸೆಲ್ ಮಾಡಬೇಕೋ?

ಮನೆಗೆ ತಂದ ಮೇಲೆ ಅಳತೆ ಹೀಗಿರಲಿ. 51 ಮಿ.ಮೀ. ಎರಡು-ಕಪ್ ಬಾಸ್ಕೆಟ್‌ಗೆ 15 ಗ್ರಾಂ ಪುಡಿ. ಕೈಗೆ ಚಿರೋಟಿ ರವೆಗಿಂತ ನುಣುಪು, ಮೈದಾಕ್ಕಿಂತ ತುಸು ತರಿ ಅನ್ನಿಸಬೇಕು. ಸಪೂರ ಸೂಜಿಯಿಂದ ಗಂಟು ಬಿಡಿಸಿ, ಸಮ ಮಾಡಿ, ಟ್ಯಾಂಪರ್ ವಾಲದ ಹಾಗೆ ಒತ್ತಿ. ಎಷ್ಟು ಜೋರಾಗಿ ಒತ್ತಿದಿರಿ ಎನ್ನುವುದಕ್ಕಿಂತ ಮಟ್ಟಸವಾಗಿ ಒತ್ತಿದಿರಾ ಎನ್ನುವುದು ಮುಖ್ಯ. ಪುಡಿ ಹಾಕುವ ಮೊದಲು ಖಾಲಿ ಬಾಸ್ಕೆಟ್‌ನಲ್ಲಿ ಒಂದು ಸಲ ನೀರು ಬಿಡಿ. ಸಣ್ಣ ಮೆಷಿನ್‌ನಲ್ಲಿ ಒಂದು ನಿಮಿಷದೊಳಗೆ ದೀಪ ಹತ್ತಿದರೂ ಬಾಸ್ಕೆಟ್ ಕೂರುವ ಹಿಡಿಕೆಯ ಲೋಹ ಇನ್ನೂ ತಣ್ಣಗಿರುತ್ತದೆ, ಅದು ನೀರಿನ ಬಿಸಿ ಕುಡಿದುಬಿಡುತ್ತದೆ. ಕಪ್ಪನ್ನು ತಕ್ಕಡಿ ಮೇಲಿಟ್ಟು ಪಂಪ್ ಶುರುವಾದ ಕ್ಷಣದಿಂದ ಎಣಿಸಿ. 30 ಗ್ರಾಂ ಇಳಿಯಲು 25ರಿಂದ 30 ಸೆಕೆಂಡ್ ಹಿಡಿಯಬೇಕು. 12 ಸೆಕೆಂಡಿಗೇ ಮುಗಿದು ಹುಳಿ ಬಂದರೆ ಎರಡು ಕ್ಲಿಕ್ ನುಣ್ಣಗೆ ಮಾಡಿ. 45 ಸೆಕೆಂಡ್ ಎಳೆದು ಕಹಿ ಬಂದರೆ ಎರಡು ಕ್ಲಿಕ್ ತರಿ ಮಾಡಿ. ಪುಡಿಯ ತೂಕವನ್ನೂ ಕ್ಲಿಕ್ಕನ್ನೂ ಒಂದೇ ಸಲ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯದು. ಹೊಸ ಗ್ರೈಂಡರ್ ಕೈಗೆ ಕೂರುವವರೆಗೆ ಕಾಲು ಕಿಲೋ ಬೀಜ ಖರ್ಚಾಗುತ್ತದೆ ಎಂದೇ ಇಟ್ಟುಕೊಳ್ಳಿ.

ಹಾಲು ಫ್ರಿಜ್‌ನಿಂದ ನೇರ ಜಗ್‌ಗೆ. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದೇ, ಮೊದಲು ಕಾಯಿಸಬೇಕಿಲ್ಲ. ಕಾಯಿಸಿದ ಹಾಲೇ ಆಗಬೇಕೆಂದರೆ ಪೂರ್ತಿ ತಣಿಸಿ, ಕೆನೆ ತೆಗೆದು ಬಳಸಿ. 3 ಶೇಕಡಾ ಕೊಬ್ಬಿನ ಟೋನ್ಡ್ ಹಾಲಿಗೆ ನೊರೆ ಸುಲಭ, 4.5 ಶೇಕಡಾದ್ದಕ್ಕೆ ರುಚಿ ಹೆಚ್ಚು. ಹಬೆ ನಳಿಕೆಯಿಂದ ಮೊದಲು ಬರುವ ನೀರನ್ನು ಹೊರಗೆ ಬಿಟ್ಟು, ತುದಿಯನ್ನು ಹಾಲಿನ ಮೇಲ್ಮೈಗೆ ತಾಗುವಷ್ಟೇ ಇಟ್ಟು ಐದಾರು ಸೆಕೆಂಡ್ ಗಾಳಿ ಸೇರಿಸಿ. ಆಮೇಲೆ ಸ್ವಲ್ಪ ಮುಳುಗಿಸಿ ಹಾಲು ಸುತ್ತುವ ಹಾಗೆ ಮಾಡಿ. ಜಗ್ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಯಿತೆಂದರೆ 60 ಡಿಗ್ರಿ ದಾಟುತ್ತಿದೆ, ನಿಲ್ಲಿಸಿ. ನಮ್ಮವರಿಗೆ ಕಾಫಿ ನಾಲಗೆ ಸುಡಬೇಕು, ನಿಜ. ಆದರೆ 70 ದಾಟಿದ ಹಾಲಿನ ನೊರೆ ಒಡೆಯುತ್ತದೆ, ಸಿಹಿಯೂ ಹೋಗುತ್ತದೆ. ಲೋಟವನ್ನೇ ಬಿಸಿನೀರಿನಲ್ಲಿ ತೊಳೆದು ಇಟ್ಟುಕೊಳ್ಳಿ. ಇಬ್ಬರ ಎಸ್ಪ್ರೆಸೊ ಮೊದಲು ಇಳಿಸಿ, ಹಾಲು ಕೊನೆಗೆ. ಹಾಲಿನ ಬೆನ್ನಿಗೇ ಕಾಫಿ ಇಳಿಸಿದರೆ ಹಬೆಯ ಬಿಸಿಗೆ ಪುಡಿ ಸುಡುತ್ತದೆ.

ಪ್ರಶ್ನೆ: ಮಣಿಪಾಲದಲ್ಲಿ ಓದುತ್ತಿದ್ದೇನೆ. ಸ್ನೇಹಿತರು ಬಿಟ್ಟುಹೋದ ಎಸ್ಪ್ರೆಸೊ ಮೆಷಿನ್ ಸಿಕ್ಕಿತು. ಊರಿನಿಂದ ತಂದ ಫಿಲ್ಟರ್ ಕಾಫಿ ಪುಡಿ ಹಾಕಿದರೆ ಮೂರು ಹನಿ ಬಿದ್ದು ನಿಲ್ಲುತ್ತದೆ, ಮೆಷಿನ್ ನರಳುತ್ತದೆ. ಪಂಪ್ ಹಾಳಾಗಿದೆಯೇ?

ಉತ್ತರ: ಪುಡಿ ಹಾಕದೆ ಬರೀ ಬಾಸ್ಕೆಟ್ ಇಟ್ಟು ನೀರು ಬಿಟ್ಟು ನೋಡಿ. ಸರಾಗ ಬಂದರೆ ಪಂಪ್ ಚೆನ್ನಾಗಿದೆ, ತಪ್ಪು ಚಿಕೋರಿಯದ್ದು. ಪ್ಯಾಕೆಟ್‌ನ ಹಿಂದೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಬರೆದಿರಲೇಬೇಕು. ಕಾಫಿ 51 ಶೇಕಡಾ ಇದ್ದರೂ ಕಾನೂನಿಗೆ ಸಾಕು. ಚಿಕೋರಿ ಬೇರಿನ ಪುಡಿ ನೀರು ತಾಗಿದೊಡನೆ ಉಬ್ಬಿ ಅಂಟಾಗುತ್ತದೆ. ಹಿತ್ತಾಳೆ ಫಿಲ್ಟರ್‌ನಲ್ಲಿ ನೀರಿಗೆ ಅವಸರವಿಲ್ಲ, ಅರ್ಧ ಗಂಟೆ ತೊಟ್ಟಿಕ್ಕುತ್ತದೆ. ಇಲ್ಲಿ 25 ಸೆಕೆಂಡಿನಲ್ಲಿ ದಾಟಬೇಕು. ಒತ್ತಡ ಹೆಚ್ಚಿದಷ್ಟೂ ಅಂಟು ಬಿಗಿಯಾಗುತ್ತದೆ. ಸೂಜಿತೂತಿನ ಬಾಸ್ಕೆಟ್ ಆದರೆ ತೂತೇ ಮುಚ್ಚಿಹೋಗುತ್ತದೆ.

ನಿಂತುಹೋದಾಗ ಹಿಡಿಕೆಯನ್ನು ಕೂಡಲೇ ತಿರುಗಿಸಿ ತೆಗೆಯಬೇಡಿ. ಒಳಗೆ ಒತ್ತಡ ಹಾಗೇ ಇರುತ್ತದೆ, ಬಿಸಿ ಪುಡಿ ಮುಖಕ್ಕೆ ಸಿಡಿದೀತು. ಸ್ವಿಚ್ ಆರಿಸಿ ಕೆಲವು ನಿಮಿಷ ಬಿಟ್ಟು, ನಿಧಾನ ಸಡಿಲಿಸಿ. ಬಾಸ್ಕೆಟ್ಟನ್ನು ಬಿಸಿನೀರಿನಲ್ಲಿ ನೆನೆಹಾಕಿ ತೂತನ್ನು ಸಪೂರ ಸೂಜಿಯಿಂದ ಬಿಡಿಸಿ. ಮೆಷಿನ್‌ನ ಮೇಲ್ಭಾಗದಲ್ಲಿ ನೀರು ಬರುವ ಜಾಲರಿಯನ್ನೂ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ.

ಮುಂದಿನ ಸಲ ಕಾಫಿ ಪುಡಿ ಮಾಡುವ ಅಂಗಡಿಯಲ್ಲಿ ಚಿಕೋರಿ ಇಲ್ಲದ್ದು ಕೇಳಿ. ಅರೇಬಿಕಾದ ಪ್ಲಾಂಟೇಶನ್ ಎ ಅಥವಾ ಪೀಬೆರ್ರಿ ದರ್ಜೆಯ ಬೀಜ ಮುಕ್ಕಾಲು, ರೊಬಸ್ಟಾ ಕಾಲು ಪಾಲು ಒಳ್ಳೆಯ ಜೋಡಿ. ರೊಬಸ್ಟಾ ಇದ್ದರೆ ನೊರೆ ದಪ್ಪ, ಹಾಲಿನಲ್ಲೂ ಕಾಫಿ ರುಚಿ ಎದ್ದು ಕಾಣುತ್ತದೆ. ಗ್ರೈಂಡರ್ ಇಲ್ಲದಿದ್ದರೆ 100 ಗ್ರಾಂ ಮಾತ್ರ ಪುಡಿ ಮಾಡಿಸಿ, ಸೂಜಿತೂತಿನ ಬಾಸ್ಕೆಟ್ಟನ್ನೇ ಬಳಸಿ. ನಿಮ್ಮ ಸ್ಥಿತಿಯಲ್ಲಿ ಅದೇ ಸರಿ. ಚಿಕೋರಿ ರುಚಿ ಇಲ್ಲದೆ ಆಗದು ಎನ್ನುವುದಾದರೆ ಡಿಕಾಕ್ಷನ್ ಫಿಲ್ಟರ್‌ನಲ್ಲೇ ಇಳಿಸಿ, ಮೆಷಿನ್ನನ್ನು ಹಾಲು ನೊರೆ ಮಾಡಲು ಮಾತ್ರ ಇಟ್ಟುಕೊಳ್ಳಿ. ಅದರಲ್ಲಿ ಅವಮಾನವೇನಿಲ್ಲ.

ಪ್ರಶ್ನೆ: ಮಲ್ಪೆ ಕಡಲತೀರದಿಂದ ಅರ್ಧ ಕಿಲೋಮೀಟರ್ ದೂರದಲ್ಲಿದ್ದೇವೆ. ಮಳೆಗಾಲದಲ್ಲಿ ಬೀಜ ಮೆತ್ತಗಾಗುತ್ತದೆ, ಗ್ರೈಂಡರ್‌ಗೆ ತುಕ್ಕಿನ ಭಯ. ನಮ್ಮ ಬಾವಿ ನೀರು ಮೆಷಿನ್‌ಗೆ ಹಾಕಬಹುದೇ?

ಉತ್ತರ: ಈ ಕರಾವಳಿಯ ತೇವಕ್ಕೆ ಕಾಫಿಯಲ್ಲಿ ಒಂದು ಒಳ್ಳೆಯ ಹೆಸರೂ ಇದೆ. ಮಾನ್ಸೂನ್ಡ್ ಮಲಬಾರ್ ಆಗುವುದು ಪಶ್ಚಿಮ ಕರಾವಳಿಯ ಗೋದಾಮುಗಳಲ್ಲೇ. ಹಸಿ ಬೀಜವನ್ನು ಮಳೆಗಾಲದ ಗಾಳಿಗೆ ವಾರಗಟ್ಟಲೆ ಹರಡಿ ಇಡುತ್ತಾರೆ; ಅದು ಉಬ್ಬಿ, ಹಸಿರು ಹೋಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಳ್ಳುತ್ತದೆ. ಎಸ್ಪ್ರೆಸೊಗೆ ಹೇಳಿ ಮಾಡಿಸಿದ ಬೀಜ. ಆದರೆ ಅದು ಹಸಿ ಬೀಜದ ಮಾತು. ಹುರಿದ ಬೀಜಕ್ಕೆ ಅದೇ ಗಾಳಿ ತಾಗಿದರೆ ಆಟಿ ತಿಂಗಳ ಹಪ್ಪಳದ ಗತಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಕಿಲೋಗಟ್ಟಲೆ ತರಬೇಡಿ. ಹುರಿದು ಒಂದು ವಾರವಾದ ಬೀಜ ತಂದು, 100 ಗ್ರಾಂನಂತೆ ಗಾಳಿಯಾಡದ ಸಣ್ಣ ಡಬ್ಬಿಗಳಲ್ಲಿ ತುಂಬಿ, ಒಂದನ್ನು ಹೊರಗಿಟ್ಟು ಉಳಿದವನ್ನು ಫ್ರೀಜರ್‌ಗೆ ಹಾಕಿ. ಫ್ರೀಜರ್‌ನಿಂದ ತೆಗೆದ ಡಬ್ಬಿಯನ್ನು ರಾತ್ರಿಯಿಡೀ ಮುಚ್ಚಿಯೇ ಬಿಡಿ. ತಣ್ಣಗಿರುವಾಗ ತೆರೆದರೆ ಬೀಜದ ಮೈಮೇಲೆ ನೀರು ಕೂರುತ್ತದೆ. ಗ್ರೈಂಡರ್ ಒಳಗೆ ಬೀಜ ಉಳಿಸಬೇಡಿ, ಪ್ರತಿ ಸಲ ತೂಗಿ ಹಾಕಿ. ಬರ್‌ಗೆ ನೀರು ತಾಗಿಸಲೇಬೇಡಿ. ಹತ್ತು ದಿನಕ್ಕೊಮ್ಮೆ ಬಿಚ್ಚಿ ಒಣ ಬ್ರಷ್‌ನಿಂದ ಗುಡಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಮೆಷಿನ್‌ನಲ್ಲಿ ಮರೆತ ಹಸಿ ಪುಡಿ, ತಟ್ಟೆಯಲ್ಲಿ ನಿಂತ ನೀರು ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಹಿಡಿಕೆಯನ್ನು ಮೆಷಿನ್‌ಗೆ ಸಿಕ್ಕಿಸಿಯೇ ಇಡಬೇಡಿ, ಗ್ಯಾಸ್ಕೆಟ್ ಬೇಗ ಗಟ್ಟಿಯಾಗುತ್ತದೆ.

ನೀರು: ಕೆಂಪುಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು. ಬಯಲುಸೀಮೆಯವರ ಹಾಗೆ ಸುಣ್ಣ ಕಟ್ಟುವ ತಲೆಬಿಸಿ ನಮಗೆ ಕಡಿಮೆ. ಆದರೆ ನಿಮ್ಮ ಬಾವಿ ಕಡಲಿಗೆ ಹತ್ತಿರ. ಏಪ್ರಿಲ್, ಮೇ ಹೊತ್ತಿಗೆ ನೀರಿನಲ್ಲಿ ಉಪ್ಪಿನಂಶ ಕಂಡರೆ ಅದನ್ನು ಹಾಕಬೇಡಿ. ಉಪ್ಪಿನ ಕ್ಲೋರೈಡ್ ಸ್ಟೀಲನ್ನೂ ತಿನ್ನುತ್ತದೆ. ಬಕೆಟ್‌ನಲ್ಲಿ ಕೆಂಪು ಕಲೆ ಕೂರುವ ನೀರೂ ಬೇಡ, ಅದರಲ್ಲಿ ಕಬ್ಬಿಣ ಇರುತ್ತದೆ. ಬರೀ ಆರ್‌ಒ ನೀರಿನಲ್ಲಿ ಕಾಫಿ ಸಪ್ಪೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 50ರಿಂದ 150ರ ನಡುವೆ ತೋರಿಸುವ ಹಾಗೆ ಆರ್‌ಒ ನೀರಿಗೆ ಒಳ್ಳೆಯ ನೀರು ಬೆರೆಸಿಕೊಳ್ಳಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಒಂದು ಲೀಟರ್ ನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಮೆಷಿನ್ ಒಳಗೆ ಹಾಯಿಸಿ, ಬೆನ್ನಿಗೇ ಎರಡು ಟ್ಯಾಂಕ್ ಒಳ್ಳೆಯ ನೀರು ಬಿಡಿ.

ಪ್ರಶ್ನೆ: ಸುರತ್ಕಲ್‌ನಲ್ಲಿ ಸಂಜೆ ಹೊತ್ತು ವೋಲ್ಟೇಜ್ ಇಳಿಯುತ್ತದೆ. ಬೆಳಿಗ್ಗೆ ಚೆನ್ನಾಗಿ ಬರುವ ಎಸ್ಪ್ರೆಸೊ ಸಂಜೆ ಹುಳಿ. ಇನ್ವರ್ಟರ್‌ನಲ್ಲಿ ನಡೆಸಬಹುದೇ?

ಉತ್ತರ: ಬೇಡ. ಮನೆಯ ಸಾಮಾನ್ಯ ಇನ್ವರ್ಟರ್ ಈ ಹೊರೆ ತಾಳದು. ಹುಳಿಯ ಕಾರಣ ನೀವು ಊಹಿಸಿದ್ದೇ. ಹೀಟರ್‌ನ ಶಕ್ತಿ ವೋಲ್ಟೇಜ್‌ನ ವರ್ಗದಂತೆ ಕುಸಿಯುತ್ತದೆ: 230 ವೋಲ್ಟ್‌ನಲ್ಲಿ 1350 ವ್ಯಾಟ್ ಕೊಡುವ ಮೆಷಿನ್ 190 ವೋಲ್ಟ್‌ನಲ್ಲಿ ಸುಮಾರು 920 ವ್ಯಾಟ್ ಕೊಡುತ್ತದೆ. ನೀರಿನ ಬಿಸಿ ತಗ್ಗುತ್ತದೆ, ಪಂಪೂ ಸೋಲುತ್ತದೆ. ಸಂಜೆ ಹೊತ್ತು ಖಾಲಿ ನೀರು ಎರಡು ಸಲ ಬಿಟ್ಟು, ಮೂರು ನಿಮಿಷ ಹೆಚ್ಚು ಕಾಯಿಸಿ ನೋಡಿ. ಸಾಲದಿದ್ದರೆ 2 ಕೆವಿಎ ಸ್ಟೆಬಿಲೈಜರ್. 6 ಆಂಪಿಯರ್ ಸಾಕೆಟ್‌ಗೆ ಸಿಕ್ಕಿಸಿದ್ದರೆ ಇವತ್ತೇ 16 ಆಂಪಿಯರ್‌ನದಕ್ಕೆ ಬದಲಿಸಿ. ಮೇ ತಿಂಗಳ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಸಂಜೆ ಹಾಲು ಹಾಕದೆ ಕುಡಿಯುವವರಾದರೆ ಫ್ಲೇರ್ ತರಹದ, ಕೈಯಲ್ಲಿ ಹಿಡಿಕೆ ಒತ್ತಿ ಇಳಿಸುವ ಯಂತ್ರ ನೋಡಬಹುದು. ಅದಕ್ಕೆ ಗ್ಯಾಸ್ ಮೇಲೆ ಕಾಯಿಸಿದ ನೀರು ಸಾಕು, ಕರೆಂಟ್ ಹೋದರೂ ಕಾಫಿ ನಿಲ್ಲದು.