ಕ್ಯಾಲಿಫೋರ್ನಿಯಾದ ಕರಾವಳಿಯ ಎನ್ಸೀಲಿಯಾ ಪೊದೆ ಬೇಸಿಗೆಯಲ್ಲಿ ಸತ್ತಂತೆ ಕಾಣುವುದೇಕೆ?

ಅದು ಸತ್ತಿರುವುದಿಲ್ಲ, ನೀರು ಉಳಿಸಲು ಎಲೆ ಉದುರಿಸಿಕೊಂಡು ಮಳೆಗೆ ಕಾಯುತ್ತಿರುತ್ತದೆ.

ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಎನ್ಸೀಲಿಯಾ ಕ್ಯಾಲಿಫೋರ್ನಿಕಾ, ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಕಡಲಂಚಿನ ಕುರುಚಲು ಕಾಡಿನ ಸ್ಥಳೀಯ ಗಿಡ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಬಹುತೇಕ ಒಣ. ಎಲೆಗಳು ಆಹಾರ ತಯಾರಿಸಲು ಗಾಳಿಯನ್ನು ಒಳಗೆಳೆದುಕೊಳ್ಳುವ ಸೂಕ್ಷ್ಮ ರಂಧ್ರಗಳ ಮೂಲಕವೇ ಗಿಡದ ನೀರು ಆವಿಯಾಗಿ ಹೊರಹೋಗುತ್ತದೆ. ಬೇರಿಗೆ ತೇವ ಸಿಗದ ಕಾಲದಲ್ಲಿ ಎಲೆ ಇಟ್ಟುಕೊಳ್ಳುವುದು ವ್ಯಾಪಾರವಿಲ್ಲದ ಅಂಗಡಿಗೆ ಬಾಡಿಗೆ ಕಟ್ಟಿದಂತೆ. ಅಕ್ಕಪಕ್ಕದ ಕೆಲವು ಪೊದೆಗಳು ದಪ್ಪ, ತೊಗಲಿನಂಥ ಎಲೆಗಳಿಂದ ವರ್ಷವಿಡೀ ಹಸಿರಾಗಿರುತ್ತವೆ. ಎನ್ಸೀಲಿಯಾದ್ದು ತೆಳುವಾದ, ಮೃದುವಾದ ಎಲೆ. ಕಳೆದುಕೊಂಡರೆ ದೊಡ್ಡ ನಷ್ಟವಿಲ್ಲ, ಮಳೆ ಬಿದ್ದೊಡನೆ ಬೇಗ ಚಿಗುರುತ್ತದೆ. ಚಳಿಗಾಲದ ಕೊನೆಯಿಂದ ಬೇಸಿಗೆಯ ಆರಂಭದವರೆಗೆ ಹೂವು: ಹಳದಿ ಎಸಳು, ನಡುವೆ ಕಂದು ನೇರಳೆಯ ದುಂಡು. ನನ್ನ ಕಣ್ಣಿಗೆ ಆ ದುಂಡೇ ಎಸಳಿಗಿಂತ ಚೆಂದ.

ಅನುಮಾನವಿದ್ದರೆ ಕೊಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ. ಕನಿಕರದಿಂದ ಬೇಸಿಗೆಯಿಡೀ ನೀರು ಸುರಿಯಬೇಡಿ, ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಬೇರು ಕೊಳೆಯುವ ಅಪಾಯವಿದೆ.