ಆರನೇ ಕ್ಲಾಸಿನ ಹುಡುಗನಿಗೆ ವಾರಕ್ಕೆ 62 ಗಂಟೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ 11 ವರ್ಷ. ಮೈಸೂರಿನ ಒಂದು ಖಾಸಗಿ ಶಾಲೆಯಲ್ಲಿ ಆರನೇ ಕ್ಲಾಸ್. ಬೆಳಗ್ಗೆ ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಹೊಟ್ಟೆನೋವು ಶುರುವಾಗುತ್ತಿತ್ತು. ಭಾನುವಾರ ಮಾತ್ರ ಇರುತ್ತಿರಲಿಲ್ಲ. ಮಕ್ಕಳ ಡಾಕ್ಟರ್ ಪರೀಕ್ಷೆ ಮಾಡಿ, ದೇಹದಲ್ಲಿ ಏನೂ ತೊಂದರೆ ಕಾಣದೆ ಆಪ್ತಸಮಾಲೋಚನೆಗೆ ನನ್ನ ಬಳಿ ಕಳಿಸಿದ್ದರು.

ತಂದೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. "ಮೇಡಂ, ನಾಳೆ ಕೆಲಸಕ್ಕೆ ಸೇರಿದ್ರೆ ಈ ಓದಿಗಿಂತ ಜಾಸ್ತಿ ದುಡಿಮೆ ಇರುತ್ತೆ. ಈಗಿಂದಲೇ ರೂಢಿ ಆಗ್ಲಿ ಅಲ್ವಾ?" ಎಂದರು. ಮಗ ಮುಂದೆ ಕಷ್ಟಪಡಬಾರದು ಎಂಬ ಆಸೆ ಅವರದು.

ಹಾಳೆ ಕೊಟ್ಟು, ಮಗನ ವಾರದ ಲೆಕ್ಕ ಬರೆಯಿರಿ ಎಂದೆ. ತಾಯಿ ಹೇಳುತ್ತಾ ಹೋದರು, ತಂದೆ ಬರೆದರು. ಸ್ಕೂಲು 39 ಗಂಟೆ. ಟ್ಯೂಷನ್ 9. ಹೋಂವರ್ಕ್ ಭಾನುವಾರವೂ ಸೇರಿ 14. ಒಟ್ಟು 62. "ರೀ, ವ್ಯಾನಲ್ಲಿ ಕೂರೋದು ಸೇರ್ಸಿಲ್ಲ" ಎಂದರು ತಾಯಿ.

ಕಾರ್ಖಾನೆಯಲ್ಲಿ ಕಾನೂನು ದೊಡ್ಡವರಿಗೆ ಹಾಕಿದ ಮಿತಿ ವಾರಕ್ಕೆ 48 ಗಂಟೆ. ಮೀರಿದರೆ ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೂಲಿ, ಅಂದರೆ ಓಟಿ. ಇದು ಆ ತಂದೆಗೆ ನನಗಿಂತ ಚೆನ್ನಾಗಿ ಗೊತ್ತು. ಹಾಳೆ ನೋಡುತ್ತಾ ಸುಮ್ಮನೆ ಕೂತರು.

ದುಡಿಮೆಯ ರೂಢಿ ಮಾಡಿಸುವುದು ಶಾಲೆಯ ಕೆಲಸವಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಇವನು ಮಲಗುವುದು ಹತ್ತೂವರೆಗೆ, ಏಳುವುದು ಆರಕ್ಕೆ. ನಿದ್ದೆಗೆಟ್ಟ ಮಗುವಿಗೆ ಶಿಸ್ತು ಬರುವುದಿಲ್ಲ, ಪುಸ್ತಕ ಕಂಡರೆ ಭಯ ಬರುತ್ತದೆ.

ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಆರರಿಂದ ಎಂಟನೇ ತರಗತಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ ಹೋಂವರ್ಕ್ ಸಾಕು ಎನ್ನುತ್ತದೆ. ಅದನ್ನೇ ಹಿಡಿಯಿರಿ ಎಂದೆ. ಗಂಟೆ ಮುಗಿದ ತಕ್ಷಣ ಪುಸ್ತಕ ಮುಚ್ಚಿಸಿ. ಉಳಿದದ್ದು ಆಗಿಲ್ಲವೆಂದು ಡೈರಿಯಲ್ಲಿ ನೀವೇ ಬರೆದು ಸಹಿ ಹಾಕಿ, ಬೈಗುಳ ಮಗುವಿನ ತಲೆಗೆ ಬರಬಾರದು. ಮೊದಲೇ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ. ಟ್ಯೂಷನ್ ಗಣಿತಕ್ಕೆ ಮಾತ್ರ ಇರಲಿ. ಒಂಬತ್ತಕ್ಕೆ ದೀಪ ಆರಿಸಿ. ಉಳಿದ ಸಂಜೆಗೆ ಅಬಾಕಸ್ಸೋ ಕೀಬೋರ್ಡೋ ತುಂಬಬೇಡಿ, ಬೀದಿಯಲ್ಲಿ ಆಡಿಕೊಳ್ಳಲಿ.

ಟೀಚರ್ ಒಪ್ಪಿದರು. ಹೊಟ್ಟೆನೋವು ಈಗ ಟೆಸ್ಟ್ ಇರುವ ದಿನ ಮಾತ್ರ ಬರುತ್ತಿದೆ. ಟ್ಯೂಷನ್ ಕಡಿಮೆ ಮಾಡಲು ತಂದೆ ಇನ್ನೂ ಹಿಂದೆಮುಂದೆ ನೋಡುತ್ತಿದ್ದಾರೆ. ಮುಂದಿನ ತಿಂಗಳು ಅವರೊಬ್ಬರನ್ನೇ ಬರಲು ಹೇಳಿದ್ದೇನೆ.