ಸಿಗರೇಟು ತೆಗೆದದ್ದು ಸರಿ, ಅಮ್ಮನ ಸಾವನ್ನು ಯಾಕೆ ತೆಗೆದರು?

ಆತ್ಮೀಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಏಳನೇ ಕ್ಲಾಸಿನ ಮಗ ‘ಒನ್ ಪೀಸ್’ ಎಂಬ ಜಪಾನಿ ಅನಿಮೆ, ಅಂದರೆ ಕಡಲ್ಗಳ್ಳರ ಕತೆಯ ಕಾರ್ಟೂನ್ ಸರಣಿ, ನೋಡುತ್ತಾನೆ, ಅದರಲ್ಲಿ ಸಿಗರೇಟು, ಬಂದೂಕು, ರಕ್ತ ಎಲ್ಲ ಇದೆ ಎಂದು ಬರೆದಿದ್ದೀರಿ. ಅಮೆರಿಕದಲ್ಲಿ ಹಿಂದೊಮ್ಮೆ ಇದನ್ನೆಲ್ಲ ತೆಗೆದು ಇಂಗ್ಲಿಷ್ ಡಬ್ಬಿಂಗ್ ಮಾಡಿದ್ದರಂತೆ. ಅದನ್ನು ನೋಡು ಅಂದರೆ ಮಗ ಸಿಟ್ಟಾಗುತ್ತಾನಂತೆ. ‘ಮಕ್ಕಳಿಗೆ ಸೋಸಿ ಕೊಟ್ಟರೆ ತಪ್ಪೇನು?’ ಎಂದು ಕೇಳಿದ್ದೀರಿ.

ಸೋಸುವುದು ತಪ್ಪಲ್ಲ. ನಾನೂ ಮಕ್ಕಳನ್ನು ಬೆಳೆಸಿದವನು, ನಿಮ್ಮ ಆತಂಕ ನನಗೆ ಗೊತ್ತು. ಆದರೆ ಈ ಡಬ್ಬಿಂಗ್ ವಿಷಯದಲ್ಲಿ ನಾನು ನಿಮ್ಮ ಮಗನ ಕಡೆ.

ಎಯಿಚಿರೊ ಓಡಾ ಈ ಕತೆಯನ್ನು ಮಂಗಾ ಆಗಿ, ಅಂದರೆ ಜಪಾನಿ ಕಾಮಿಕ್ಸ್ ಆಗಿ, ಬರೆಯಲು ಶುರುಮಾಡಿದ್ದು 1997ರಲ್ಲಿ. 1999ರ ಅಕ್ಟೋಬರಿನಲ್ಲಿ ಅದು ಜಪಾನಿನ ಟಿವಿಗೆ ಬಂತು. ಬುಧವಾರ ಸಂಜೆ 7 ಗಂಟೆಗೆ, ಮನೆಮಂದಿಯೆಲ್ಲ ನೋಡುವ ಹೊತ್ತಿನಲ್ಲಿ. ಅಮೆರಿಕದಲ್ಲಿ ಇದನ್ನು ತಂದದ್ದು ‘4ಕಿಡ್ಸ್’ ಕಂಪನಿ. 2004ರ ಸೆಪ್ಟೆಂಬರಿನಿಂದ ಶನಿವಾರ ಬೆಳಗ್ಗೆ, ಪುಟ್ಟ ಮಕ್ಕಳ ಕಾರ್ಟೂನುಗಳ ಜೊತೆ ಹಾಕಿದರು. ಎಡವಟ್ಟು ಅಲ್ಲೇ ಶುರುವಾಯಿತು. ಸ್ವಲ್ಪ ದೊಡ್ಡ ಮಕ್ಕಳಿಗೆ ಬರೆದ ಕತೆಯನ್ನು ಆರು ವರ್ಷದ ಮಗುವಿನ ಅಳತೆಗೆ ಕತ್ತರಿಸಲು ಕೂತರು.

ಕತೆಯ ಹಡಗಿನ ಅಡುಗೆಯವ ಸಾಂಜಿಯ ಬಾಯಲ್ಲಿದ್ದ ಸಿಗರೇಟು ಲಾಲಿಪಾಪ್ ಆಯಿತು. ಬಂದೂಕುಗಳು ಆಟಿಕೆಯಂತಾದವು. ರಕ್ತ ಅಳಿಸಿದರು. ನಿಜ ಹೇಳಬೇಕೆಂದರೆ, ಸಿಗರೇಟು ತೆಗೆದದ್ದಕ್ಕೆ ನನ್ನ ತಕರಾರಿಲ್ಲ. ಸಾಂಜಿ ಸಿಗರೇಟು ಸೇದದಿದ್ದರೂ ಸಾಂಜಿಯೇ. 2023ರಲ್ಲಿ ನೆಟ್‌ಫ್ಲಿಕ್ಸ್ ನಿಜವಾದ ನಟರನ್ನು ಹಾಕಿ ಮಾಡಿದ ಸರಣಿಯ ಮೊದಲ ಭಾಗದಲ್ಲೂ ಅವನ ಬಾಯಲ್ಲಿ ಸಿಗರೇಟಿರಲಿಲ್ಲ. ಪಾತ್ರಕ್ಕೆ ಏನೂ ಕಮ್ಮಿಯಾಗಲಿಲ್ಲ.

ನನ್ನ ಮನಸ್ಸಿಗೆ ನೋವಾಗುವುದು ಅದೇ ಹಡಗಿನ ಹುಡುಗಿ ನಾಮಿಯ ಕತೆಯಲ್ಲಿ. ಬೆಲ್‌ಮೇರ್ ಎಂಬ ಹೆಂಗಸು ಇಬ್ಬರು ಅನಾಥ ಹೆಣ್ಣುಮಕ್ಕಳನ್ನು ಸಾಕಿಕೊಂಡಿದ್ದಾಳೆ. ಅವರಲ್ಲಿ ಒಬ್ಬಳು ನಾಮಿ. ಕಿತ್ತಳೆ ತೋಟವೇ ಅವರ ಬದುಕು. ಒಂದು ದಿನ ಆರ್ಲಾಂಗ್ ಎಂಬ ಕಡಲ್ಗಳ್ಳ ಊರಿಗೆ ನುಗ್ಗಿ ತಲೆಗಂದಾಯ ಕೇಳುತ್ತಾನೆ. ದೊಡ್ಡವರಿಗೆ 1 ಲಕ್ಷ, ಮಕ್ಕಳಿಗೆ 50 ಸಾವಿರ. ಕೊಡದಿದ್ದರೆ ಸಾವು. ಬೆಲ್‌ಮೇರ್ ಕೈಯಲ್ಲಿರುವುದು ಒಬ್ಬರಿಗೆ ಸಾಕಾಗುವಷ್ಟು ಹಣ. ‘ನನಗೆ ಮಕ್ಕಳಿಲ್ಲ’ ಅಂದುಬಿಟ್ಟರೆ ಅವಳು ಬದುಕುತ್ತಾಳೆ. ಹೆತ್ತ ಮಕ್ಕಳಂತೂ ಅಲ್ಲ. ಆದರೂ ಅವಳು ಆ ಹಣವನ್ನು ಇಬ್ಬರು ಮಕ್ಕಳ ಲೆಕ್ಕಕ್ಕೇ ಕೊಡುತ್ತಾಳೆ. ಸುಳ್ಳಿಗಾದರೂ ಅವರು ನನ್ನ ಮಕ್ಕಳಲ್ಲ ಅನ್ನಲು ಅವಳಿಗೆ ಆಗುವುದಿಲ್ಲ. ಮಕ್ಕಳ ಕಣ್ಣೆದುರೇ ಅವಳಿಗೆ ಗುಂಡು ಬೀಳುತ್ತದೆ.

4ಕಿಡ್ಸ್ ಡಬ್ಬಿಂಗಿನಲ್ಲಿ ಅವಳನ್ನು ಕತ್ತಲೆಕೋಣೆಗೆ ಹಾಕುತ್ತಾರೆ, ಅಷ್ಟೇ. ಈಗ ಯೋಚಿಸಿ. ನಾಮಿ ಆ ಕೊಲೆಗಾರನ ಕೈಕೆಳಗೇ ಎಂಟು ವರ್ಷ ದುಡಿಯುತ್ತಾಳೆ. 10 ಕೋಟಿ ಕೂಡಿಸಿ ಊರನ್ನೇ ಅವನಿಂದ ಕೊಂಡುಕೊಳ್ಳಬೇಕು ಅಂತ ಒಬ್ಬಳೇ ಹಲ್ಲುಕಚ್ಚಿ ಬದುಕುತ್ತಾಳೆ. ಅಮ್ಮ ಜೈಲಿನಲ್ಲಿ ಬದುಕಿದ್ದರೆ ಅವಳನ್ನು ಬಿಡಿಸಲು ಯಾಕೆ ಹೋಗುವುದಿಲ್ಲ? ಆರು ವರ್ಷದ ಮಗುವೂ ಈ ಪ್ರಶ್ನೆ ಕೇಳುತ್ತದೆ, ಅಲ್ವಾ? ಮಗು ಅಳಬಾರದು ಅಂತ ಮಾಡಿದ ಬದಲಾವಣೆಯಿಂದ ನಾಮಿ ಅಮ್ಮನನ್ನೇ ಮರೆತ ಮಗಳಾಗಿಬಿಟ್ಟಳು.

ಅದೇ ಹಡಗಿನ ಕತ್ತಿವೀರ ಜೋರೊ ಕತೆಯೂ ಹೀಗೆಯೇ. ಅವನ ಬಾಲ್ಯದ ಗೆಳತಿ ಕುಯಿನಾ ಮೆಟ್ಟಿಲಿಂದ ಬಿದ್ದು ಸಾಯುತ್ತಾಳೆ. ಅವಳ ಬಿಳಿ ಕತ್ತಿಯನ್ನು ಅವನು ಜೀವನವಿಡೀ ಹೊರುತ್ತಾನೆ. ಡಬ್ಬಿಂಗಿನಲ್ಲಿ ಅವಳು ಸಾಯುವುದಿಲ್ಲ, ಏಟು ತಿಂದು ಮತ್ತೆ ಕತ್ತಿ ಹಿಡಿಯಲಾರದ ಹಾಗೆ ಆಗುತ್ತಾಳೆ. ಸಾವು ಬೇಡ ಅಂತ ಹೊಡೆತ ತಂದರು. ಇದು ಮಕ್ಕಳಿಗೆ ಹೇಗೆ ಮೃದುವಾಯಿತೋ ನನಗೆ ಅರ್ಥವಾಗುವುದಿಲ್ಲ.

ಪುಣ್ಯಕೋಟಿ ಕತೆ ನಿಮ್ಮ ಮಗನಿಗೆ ನೀವು ಹೇಳಿಯೇ ಇರುತ್ತೀರಿ. ಕೊನೆಗೆ ಹುಲಿ ಸಾಯುತ್ತದೆ. ಹುಲಿ ಬೇರೆ ಕಾಡಿಗೆ ಹೋಯಿತು ಅಂತ ಯಾವ ಅಜ್ಜಿಯೂ ಹೇಳಲಿಲ್ಲ.

ಜಪಾನಿನವರು ಏನೂ ಬದಲಿಸಲಿಲ್ಲ ಅಂತಲ್ಲ. ಓಡಾ ಬರೆದ ಮೂಲದಲ್ಲಿ ಮುಂದೆ ಸಾಂಜಿಯನ್ನು ಸಾಕುವ ಮುದುಕ ಜೆಫ್ ಬಂಡೆಯ ಮೇಲೆ ಹಸಿವಿನಿಂದ ಸಾಯುವ ಸ್ಥಿತಿಯಲ್ಲಿದ್ದಾಗ, ಇದ್ದ ಆಹಾರವನ್ನೆಲ್ಲ ಪುಟ್ಟ ಸಾಂಜಿಗೆ ಕೊಟ್ಟು ತನ್ನ ಕಾಲನ್ನೇ ತಿನ್ನುತ್ತಾನೆ. ಜಪಾನಿ ಟಿವಿಯಲ್ಲಿ ಇದನ್ನು ತೋರಿಸಲಿಲ್ಲ. ಮುಳುಗುತ್ತಿದ್ದ ಹುಡುಗನನ್ನು ಉಳಿಸುವಾಗ ಕಾಲು ಹೋಯಿತು ಎಂದು ಮಾಡಿದರು. ಭೀಕರ ದೃಶ್ಯ ಹೋಯಿತು, ತ್ಯಾಗ ಉಳಿಯಿತು. ಮಕ್ಕಳಿಗೆ ಸೋಸಿ ಕೊಡುವುದು ಅಂದರೆ ನನ್ನ ಮಟ್ಟಿಗೆ ಇದೇ.

4ಕಿಡ್ಸ್‌ನವರು ಕತ್ತರಿ ಹಾಕಿದ್ದು ಜಾಸ್ತಿಯಾಯಿತು. ಜಪಾನಿನ 143 ಕಂತುಗಳು ಅವರ ಕೈಯಲ್ಲಿ 104 ಆದವು. ಲಿಟಲ್ ಗಾರ್ಡನ್ ಎಂಬ ದ್ವೀಪದ ಭಾಗವನ್ನು ಪೂರ್ತಿ ಬಿಟ್ಟರು. ಆ ದ್ವೀಪದಲ್ಲಿ ಹುಳ ಕಚ್ಚಿಯೇ ನಾಮಿಗೆ ಜ್ವರ ಬರುವುದು, ಆ ಜ್ವರಕ್ಕೆ ವೈದ್ಯರನ್ನು ಹುಡುಕುತ್ತಾ ಮುಂದಿನ ಕತೆ ನಡೆಯುವುದು. ಲಬೂನ್ ಎಂಬ ತಿಮಿಂಗಿಲವನ್ನೂ ತೆಗೆದು ಆ ಜಾಗದಲ್ಲಿ ಮಂಜುಗಡ್ಡೆಯ ಗುಡ್ಡ ಇಟ್ಟರು. ಬಿಟ್ಟುಹೋದ ಗೆಳೆಯರಿಗಾಗಿ 50 ವರ್ಷ ಕಾದ ತಿಮಿಂಗಿಲ ಅದು. ಮುಂದೆ ಆ ಗೆಳೆಯರಲ್ಲಿ ಒಬ್ಬನಾದ ಬ್ರೂಕ್ ಎಂಬ ಹಾಡುಗಾರ ಬರುತ್ತಾನೆ. ಅವನು ಬದುಕಿರುವುದೇ ಆ ತಿಮಿಂಗಿಲವನ್ನು ಮತ್ತೆ ಕಾಣುವ ಆಸೆಗೆ. ಮಂಜುಗಡ್ಡೆ ನೋಡಿದ ಮಕ್ಕಳಿಗೆ ಅವನ ಕಣ್ಣೀರು ಹೇಗೆ ತಿಳಿಯಬೇಕು?

2006ರ ಕೊನೆಗೆ 4ಕಿಡ್ಸ್ ಕೈಬಿಟ್ಟಿತು. 2007ರಲ್ಲಿ ಫನಿಮೇಷನ್ ಕಂಪನಿ ವಹಿಸಿಕೊಂಡು, ಮೊದಲ ಕಂತಿನಿಂದಲೇ ಕತ್ತರಿಯಿಲ್ಲದೆ ಮತ್ತೆ ಡಬ್ ಮಾಡಿತು. ಇಂಗ್ಲಿಷಿನಲ್ಲೇ ನೋಡಬೇಕೆಂದರೆ ಅದನ್ನು ನೋಡಲಿ.

ನಿಮ್ಮ ಮಗನಿಗೆ 12 ವರ್ಷವಂತೆ. ಆ ವಯಸ್ಸಿಗೆ ಈ ಕತೆ ಭಾರವಲ್ಲ ಎಂದು ನನಗೆ ಅನಿಸುತ್ತದೆ. ತಮ್ಮ, ತಂಗಿ ಪುಟ್ಟವರಿದ್ದರೆ ಅವರು ಇನ್ನೂ ಕೆಲವು ವರ್ಷ ಕಾಯಲಿ. ನೀವು ಮಾತ್ರ ಸುಮ್ನೆ ಒಂದು ಸಂಜೆ ಅವನ ಪಕ್ಕ ಕೂತುಕೊಳ್ಳಿ. ಆರ್ಲಾಂಗ್ ಭಾಗ 31ನೇ ಕಂತಿನ ಆಸುಪಾಸು ಶುರುವಾಗುತ್ತದೆ. ಮುಗಿದ ಮೇಲೆ, ನಾಮಿ ಹಡಗಿನ ಮೇಲೆ ಕಿತ್ತಳೆ ಗಿಡಗಳನ್ನು ಯಾಕೆ ಇಟ್ಟುಕೊಂಡಿದ್ದಾಳೆ ಅಂತ ಅವನನ್ನೇ ಕೇಳಿ.

– ಸಂಪಾದಕ